ಅರ್ನಾಲುಕ್ ಮಾತಾಡದ ಮೂರು ಬೆಳಗು

ಮಂಜುಗಡ್ಡೆಗೆ ಕಿವಿಯಿದೆ ಎಂದು ತಸಿಲುಕ್ಕಿನ ಮುದುಕಿಯರು ಮೊದಲಿನಿಂದಲೂ ಹೇಳುತ್ತಿದ್ದರು. ಅದಕ್ಕೊಂದು ಬಾಯಿಯನ್ನೂ ಕೊಟ್ಟವರು ನಾಲ್ಕೂರ ಸಂಘದವರು.

ತಸಿಲುಕ್ ಎಂಬುದು ಗ್ರೀನ್‌ಲ್ಯಾಂಡಿನ ಪಡುವಣ ದಂಡೆಯ ಒಂದು ಚಿಕ್ಕ ಊರು. ಬಂಡೆಗಳ ಮೇಲೆ ಕೆಂಪು, ಹಳದಿ, ನೀಲಿ ಬಣ್ಣದ ಅರವತ್ತು ಮರದ ಮನೆಗಳು. ಮನುಷ್ಯರಿಗಿಂತ ನಾಯಿಗಳೇ ಹೆಚ್ಚು. ಊರಿನ ಮುಂದೆ ಒಂದು ಕೊಲ್ಲಿ. ವರ್ಷಕ್ಕೆ ಐದು ತಿಂಗಳು ಅದು ಹೆಪ್ಪುಗಟ್ಟಿರುತ್ತದೆ; ಆಗ ಅದು ನೀರಲ್ಲ, ನೆಲ. ಅದರ ಮೇಲೆಯೇ ನಾಯಿಬಂಡಿ ಓಡಬೇಕು, ಸೀಲ್ ಬೇಟೆ ಆಗಬೇಕು, ಆಚೆ ದಡದ ನೆಂಟರ ಮನೆಗೆ ಹೋಗಿಬರಬೇಕು.

ಒಂದು ಕಾಲಕ್ಕೆ ಬೇಸಿಗೆ ಬಂತೆಂದರೆ ಆ ಕೊಲ್ಲಿಗೆ ಹಡಗುಗಳು ನುಗ್ಗುತ್ತಿದ್ದವು. ಒಂದೊಂದರಿಂದ ಮೂರು ಸಾವಿರ ಜನ ಇಳಿದು, ಕಿಟಕಿಗೆ ಮೂಗು ಒತ್ತಿ ಒಳಗೆ ಇಣುಕಿ, ಒಣಹಾಕಿದ ಮೀನಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಸಂಜೆಯೊಳಗೆ ಮಾಯವಾಗುತ್ತಿದ್ದರು. ಊರಿಗೆ ಉಳಿಯುತ್ತಿದ್ದದ್ದು ತುಳಿದ ಪಾಚಿ, ತೇಲುವ ಎಣ್ಣೆ. ನಾರ್ವೆಯಲ್ಲಿ ಹಿಮಸಾರಂಗ ಸಾಕುವ ಸಾಮಿ ಜನರ ಲುಕ್ತಾ ಎಂಬ ಊರಿಗೂ ಇದೇ ಪಾಡು. ಕೆನಡಾದ ದ್ವೀಪದ ಒಂದೂರಿಗೂ, ಅಲಾಸ್ಕಾದ ಇನ್ನೊಂದಕ್ಕೂ ಇದೇ ಪಾಡು. ಕೊನೆಗೆ ಈ ನಾಲ್ಕೂರಿನವರು ಕೂಡಿ ಒಂದು ಸಂಘ ಕಟ್ಟಿದರು. ಹಡಗು ಬೇಡ. ಒಂದು ಊರು ಆರು ವಾರ ಬಾಗಿಲು ತೆರೆದರೆ ಉಳಿದ ಮೂರು ಆಗ ಉಸಿರಾಡಿಕೊಳ್ಳಬೇಕು. ಒಮ್ಮೆಗೆ ನಲವತ್ತು ಜನಕ್ಕಿಂತ ಹೆಚ್ಚು ಬರಕೂಡದು. ಬಂದವರು ಮನೆಗಳಲ್ಲೇ ಇದ್ದು, ನಾಯಿಗಳಿಗೆ ಮೀನು ಕತ್ತರಿಸಿ, ಮನೆಯವರು ತಿಂದದ್ದನ್ನೇ ತಿನ್ನಬೇಕು. ಯಾವ ಊರಿನ ಹಾದಿ ತೆರೆಯುವುದಾದರೂ ನಾಲ್ಕೂ ಊರಿನ ಹಿರಿಯರಲ್ಲಿ ಒಬ್ಬರೂ ಅಭ್ಯಂತರ ಹೇಳಿರಬಾರದು. ಹಡಗಿನ ಕಂಪನಿಗಳು ನಕ್ಕವು. ಆದರೆ ಸಂಘ ಹನ್ನೊಂದು ವರ್ಷ ಬಾಳಿತು.

ಬಾಳಲು ಬಿಡದಂತೆ ಕಾಡಿದ್ದು ಕೊಲ್ಲಿಯ ಮಂಜುಗಡ್ಡೆ. ಕಡಲು ಬೆಚ್ಚಗಾದಂತೆಲ್ಲ ಅದಕ್ಕೆ ಹುಚ್ಚು ಹಿಡಿದಿತ್ತು. ನಿನ್ನೆ ಹತ್ತು ಬಂಡಿ ಹೊತ್ತದ್ದು ಇವತ್ತು ಒಂದು ನರಿಯನ್ನೂ ಹೊರುತ್ತಿರಲಿಲ್ಲ. ಅದಕ್ಕಾಗಿ ಸಂಘ ಕೊಲ್ಲಿಯ ಉದ್ದಗಲಕ್ಕೆ ಒಂದು ಹಗ್ಗವನ್ನು ಗಡ್ಡೆಯೊಳಗೆ ಹುದುಗಿಸಿತು. ಹಗ್ಗದ ಹೊಟ್ಟೆಯಲ್ಲಿ ಕೂದಲೆಳೆಯಂಥ ಗಾಜಿನ ತಂತಿ. ಒಂದು ತುದಿಯಿಂದ ಬೆಳಕು ಬಿಟ್ಟರೆ, ಗಡ್ಡೆ ಎಲ್ಲಿ ಬಾಗಿದೆಯೋ ಎಲ್ಲಿ ಸೆಳೆದಿದೆಯೋ ಅಲ್ಲಿ ತುಸು ಬೆಳಕು ಚದುರಿ ಹಿಂದಕ್ಕೆ ಬರುತ್ತದೆ. ಯಂತ್ರ ಅದನ್ನು ಓದಿ ನಕ್ಷೆಯ ಮೇಲೆ ಹಸಿರು ಇಲ್ಲವೆ ಕೆಂಪು ಬಳಿಯುತ್ತದೆ. ಅದನ್ನೇ ಸದ್ದಾಗಿಯೂ ಮಾಡಿ ಕೇಳಿಸುತ್ತದೆ. ಹಗ್ಗಕ್ಕೆ ಒಂದೇ ಒಂದು ಕುರುಡು. ಅದು ಹುದುಗಿದ್ದು ಗಡ್ಡೆಯ ಮೇಲ್ಭಾಗದಲ್ಲಿ. ಅಡಿಯಿಂದ ಬೆಚ್ಚನೆಯ ಹೊಳೆ ನೆಕ್ಕುತ್ತ ಬಂದರೆ ಅದಕ್ಕೆ ತಿಳಿಯುವುದು ತಡ. ಅಂಥ ಟೊಳ್ಳನ್ನು ಹಿಡಿಯುವುದು ಹಳೆಯ ಕಿವಿಗಳಿಗೆ ಮಾತ್ರ ಸಾಧ್ಯವಿತ್ತು. ಹಾಗಾಗಿ ದಿನಾ ಬೆಳಗ್ಗೆ ಒಂದೊಂದು ಊರಿನಲ್ಲೂ ಒಬ್ಬ ಹಿರಿಯರು ಹೆಡ್‌ಫೋನ್ ಹಾಕಿಕೊಂಡು ಗಡ್ಡೆಯನ್ನು ಕೇಳುವುದು, ಯಂತ್ರ ಅವರನ್ನು "ಅಭ್ಯಂತರವಿದೆಯೆ?" ಎಂದು ಕೇಳುವುದು ಎಂದಾಯಿತು.

ತಸಿಲುಕ್ಕಿನ ಕಿವಿ ಅರ್ನಾಲುಕ್ ಅಜ್ಜಿಯದು.

ಅವಳ ಮಗಳ ಮಗಳು ಮಿತೆಕ್. ಲುಕ್ತಾದಲ್ಲಿದ್ದ ಸಂಘದ ನಿಯಂತ್ರಣ ಕೋಣೆಯಲ್ಲಿ ಅವಳಿಗೆ ಕೆಲಸ. ಅವಳು ಹುಟ್ಟುವ ಒಂದು ತಿಂಗಳ ಮೊದಲು ತೀರಿಕೊಂಡ ಅಜ್ಜನ ಹೆಸರನ್ನೇ ಅವಳಿಗೆ ಇಟ್ಟಿದ್ದರು. ಆ ಊರಿನಲ್ಲಿ ಹೆಸರಿನ ಜೊತೆಗೆ ನೆಂಟಸ್ತಿಕೆಯೂ ಬರುತ್ತದೆ. ಹಾಗಾಗಿ ಅರ್ನಾಲುಕ್ ತೊಟ್ಟಿಲ ಕೂಸನ್ನೇ "ರೀ" ಎಂದು ಕರೆದಳು. "ಏನ್ರೀ, ಹಾಲು ಕುಡೀರಿ. ಬದುಕಿದ್ದಾಗ್ಲೂ ಊಟಕ್ಕೆ ಹೀಗೇ ಸತಾಯಿಸ್ತಿದ್ರಿ." ಅಜ್ಜಿಯ ಮಗ ಕುನುಕ್, ಎರಡು ಆಳು ಅಗಲದ ನಾಯಿಬಂಡಿಯವನು, ಈ ಸೋದರಸೊಸೆಯ ಮುಂದೆ ಕೈಕಟ್ಟಿ ನಿಂತು "ಅಪ್ಪಾ, ಬಂಡಿ ತಗೊಂಡು ಹೋಗ್ಲಾ?" ಎಂದು ಕೇಳುತ್ತಿದ್ದ. ಐದು ವರ್ಷದ ಮಿತೆಕ್ ಗಂಭೀರವಾಗಿ "ಹೋಗ್ಬಾ ಮಗನೆ" ಎನ್ನುತ್ತಿದ್ದಳು. ಮನೆಯೆಲ್ಲ ನಗೆ. ಆದರೆ ಅದು ಆಟವಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಆ ಮನೆಯಲ್ಲಿ ಗಡ್ಡೆಯ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಅಜ್ಜಿ ಬೆಳಗ್ಗೆ ಕೋಲು ಹಿಡಿದು ದಡಕ್ಕೆ ಹೋಗಿ, ಕುಟ್ಟಿ, ಕಿವಿಗೊಟ್ಟು ಹಿಂತಿರುಗುತ್ತಿದ್ದಳು. ಗಡ್ಡೆ ಚೆನ್ನಾಗಿದ್ದರೆ ಬಾಯಿ ತುಂಬ ಹರಟೆ: ನಾಯಿಗೆ ಕಜ್ಜಿ ಬಂದಿದೆ, ನೆರೆಮನೆಯವಳ ಸಾರಿಗೆ ಉಪ್ಪಿಲ್ಲ, ಮಂಡಿ ನೋವು. ಕೆಟ್ಟಿದ್ದರೆ ಒಂದು ಮಾತೂ ಇಲ್ಲ. ಒಲೆಯ ಪಕ್ಕ ಕೂತು, ತೊಗಲು ಹೊಲಿಯುತ್ತ, ಯಾರು ಕೇಳಿದರೂ ಉತ್ತರಿಸದೆ ಇದ್ದುಬಿಡುತ್ತಿದ್ದಳು. ಕುನುಕ್ ಅದನ್ನು ಕಂಡವನೇ ಹೊರಗೆ ಹೋಗಿ ಬಂಡಿಗೆ ಕಟ್ಟಿದ ನಾಯಿಗಳ ಪಟ್ಟಿ ಬಿಚ್ಚುತ್ತಿದ್ದ. ಅದನ್ನು ನೋಡಿ ಪಕ್ಕದ ಮನೆಯವನೂ ಬಿಚ್ಚುತ್ತಿದ್ದ. ಅರ್ಧ ಗಂಟೆಯಲ್ಲಿ ಊರಿಗೆ ಊರೇ ಕೂತಲ್ಲೇ ಕೂತಿರುತ್ತಿತ್ತು. ಗಡ್ಡೆಯನ್ನು ಹೆಸರು ಹಿಡಿದು ಬೈದರೆ ಅದಕ್ಕೆ ಕೇಳಿಸುತ್ತದೆ. ಕೇಳಿಸಿಕೊಂಡದ್ದು ಬೈದವರ ಮನೆಯಿಂದ ಒಬ್ಬರನ್ನು ತೆಗೆದುಕೊಂಡು ಹೋಗುತ್ತದೆ. ಇದು ಅಜ್ಜಿ ಹೇಳಿದ ಕಥೆಯಲ್ಲ. ಅವಳು ಉಳಿದೆಲ್ಲ ಕಥೆ ಹೇಳುತ್ತಿದ್ದಳು, ಇದೊಂದನ್ನು ಹೇಳುತ್ತಿರಲಿಲ್ಲ.

*

ಯಂತ್ರ ಕೂರಿಸಿದ ಹೊಸತರಲ್ಲಿ, ಮೂರು ವರ್ಷದ ಹಿಂದೆ, ನಿಯಂತ್ರಣ ಕೋಣೆಯಲ್ಲಿ ಒಂದು ಸಭೆ ಸೇರಿತ್ತು. ಲುಕ್ತಾದ ಮಿಕ್ಕಾಲ್, ಸಾರಂಗ ಕಾಯುತ್ತ ಬೆಳೆದು ಎಂಜಿನಿಯರ್ ಆದವನು, ಪರದೆಯ ಮೇಲಿನ ಖಾನೆಗಳನ್ನು ತೋರಿಸುತ್ತ ಕೇಳಿದ್ದ:

"ನಮ್ಮ ಮುದುಕಪ್ಪಂಗೆ ಗಡ್ಡೆ ಹಿಡಿಸ್ಲಿಲ್ಲ ಅಂದ್ರೆ ಅರ್ಧ ಊರಿಗೆ ಕೇಳೋ ಹಾಗೆ ಬೈತಾನೆ. ಕೆನಡಾದೋರೂ ಹೇಳ್ತಾರೆ, ಅಲಾಸ್ಕಾದೋರೂ ಹೇಳ್ತಾರೆ. ನಿಮ್ಮಜ್ಜಿ ಒಬ್ರು ಕೆಲವು ಸಲ ಏನೂ ಅನ್ನೋದೇ ಇಲ್ವಲ್ಲ ಮಿತೆಕ್. ಏನೂ ಅನ್ಲಿಲ್ಲ ಅಂದ್ರೆ ಯಂತ್ರ ಏನಂತ ತಿಳ್ಕೋಬೇಕು?"

ತಸಿಲುಕ್ಕಿನಿಂದ ಅಲ್ಲಿದ್ದವಳು ಅವಳೊಬ್ಬಳೇ. ಉಳಿದ ಮೂರೂರಿನ ಮುಖಗಳು ಎದುರಿಂದಲೂ ಪರದೆಗಳ ಮೇಲಿಂದಲೂ ಅವಳತ್ತ ತಿರುಗಿದ್ದವು. ಮಿತೆಕ್‌ಗೆ ಇಪ್ಪತ್ನಾಲ್ಕು. ಗಡ್ಡೆಗೆ ಕಿವಿಯಿದೆ, ಅದು ಸಿಟ್ಟಾಗುತ್ತದೆ, ಅದಕ್ಕೇ ನಾವು ಬಾಯಿ ಬಿಡುವುದಿಲ್ಲ ಎಂದು ಅಷ್ಟು ಜನ ಓದಿದವರ ಮುಂದೆ ಹೇಗೆ ಹೇಳುವುದು? ಹೇಳಿದ್ದರೆ ಅವರಾರೂ ನಗುತ್ತಿರಲಿಲ್ಲ. ಅವರವರ ಅಜ್ಜಿಯರೂ ಅಂಥವೇ ನೂರು ಹೇಳಿದ್ದರು. ಆದರೆ ಆ ಕ್ಷಣಕ್ಕೆ ಅವಳ ಕೆನ್ನೆ ಬಿಸಿಯಾಯಿತು.

"ಅಯ್ಯೋ ಬಿಡಿ, ಅವಳಿಗೆ ವಯಸ್ಸಾಯ್ತು. ಮಾತಾಡೋ ಮನಸ್ಸಿರಲ್ಲ ಕೆಲವು ದಿನ," ಎಂದಳು. "ಏನೂ ಅನ್ಲಿಲ್ಲ ಅಂದ್ರೆ ಅಭ್ಯಂತರ ಇಲ್ಲ ಅಂತ ಹಾಕ್ಕೊಳ್ಳಿ."

ಮಿಕ್ಕಾಲ್ ಹಾಕಿಕೊಂಡ. ಮುಂದಿನ ವಿಷಯಕ್ಕೆ ಹೋದರು. ಯಂತ್ರದ ಪಾಲಿಗೆ ಅಂದಿನಿಂದ ಅಜ್ಜಿಯ ಮಂಡಿನೋವಿನ ಹರಟೆಯೂ ಒಂದೇ, ಮೌನವೂ ಒಂದೇ. ಎರಡರಲ್ಲೂ ಅಭ್ಯಂತರ ಎಂಬ ಪದ ಇರಲಿಲ್ಲ.

ಆಮೇಲಿನ ಎರಡು ಚಳಿಗಾಲ ಏನೂ ಆಗಲಿಲ್ಲ. ಆಗ ಬಂಡಿಗಳೆಲ್ಲ ಊರಿಂದಲೇ ಹೊರಟು ಊರಿಗೇ ಬರುತ್ತಿದ್ದವು. ಅಜ್ಜಿ ಸುಮ್ಮನಾದ ದಿನ ಪರದೆ ಹಸಿರು ತೋರಿಸಿದರೂ ಊರಿನವರು ನಾಯಿ ಕಟ್ಟಿಹಾಕಿ, ಅತಿಥಿಗಳಿಗೆ "ಇವತ್ತು ನಾಯಿಗಳಿಗೆ ಹುಷಾರಿಲ್ಲ" ಎನ್ನುತ್ತಿದ್ದರು. ಈ ವರ್ಷವಷ್ಟೇ ಸಂಘ ಕೊಲ್ಲಿಯಾಚೆ ಒಂದು ಬಿಡಾರ ಹೂಡಿತು. ಅಲ್ಲಿದ್ದವನಿಗೆ ಒಲೆಯ ಪಕ್ಕದ ಅಮ್ಮ ಕಾಣುವುದಿಲ್ಲ. ಅವನಿಗೆ ಕಾಣುವುದು ಒಂದು ಹಸಿರು ದೀಪ.

*

ಏಪ್ರಿಲ್ ತಿಂಗಳ ಆ ದಿನ ಲುಕ್ತಾದಲ್ಲಿ ಮಧ್ಯಾಹ್ನ, ತಸಿಲುಕ್ಕಿನಲ್ಲಿ ಬೆಳಗಿನ ಒಂಬತ್ತು. ಕುನುಕ್ ನಾಲ್ವರು ಅತಿಥಿಗಳೊಡನೆ ಬಿಡಾರದಲ್ಲಿ ಮೂರು ದಿನ ಇದ್ದು, ಅಂದು ಕೊಲ್ಲಿ ದಾಟಿ ಊರಿಗೆ ಬರಬೇಕಿತ್ತು. ಒಂದೇ ಉದ್ದನೆಯ ಬಂಡಿ, ಹದಿನಾಲ್ಕು ನಾಯಿ. ರೇಡಿಯೊದಲ್ಲಿ ಅವನ ದನಿ ಕೇಳಿಸಿತು:

"ಅಪ್ಪಾ, ಹೊರಟೆ. ಹಸಿರು ತೋರಿಸ್ತಾ ಇದೆ. ಈ ಅತಿಥಿಗಳಲ್ಲಿ ಒಬ್ಬಾಕೆ ನಾಯಿಗಳಿಗೆಲ್ಲ ಸ್ವೆಟರ್ ಹೆಣೀತೀನಿ ಅಂತಿದಾಳೆ. ಕೇಳಿ ನಮ್ಮ ಮುಂಚೂಣಿ ನಾಯಿ ಮಾನ ಹೋಯ್ತು ಅಂತ ಮುಖ ತಿರುಗಿಸ್ಕೊಂಡು ಕೂತಿದೆ."

"ನಿಂಗೂ ಒಂದು ಹೆಣೀಲಿ ಬಿಡು ಮಗನೆ," ಎಂದಳು ಮಿತೆಕ್.

ಮಿಕ್ಕಾಲ್ ಕಾಫಿ ಕುಡಿಯುತ್ತ ನಕ್ಕ. "ನಿಮ್ಮಿಬ್ಬರಲ್ಲಿ ಯಾರಿಗೆ ವಯಸ್ಸು ಜಾಸ್ತಿ ಅಂತ ನಂಗಿನ್ನೂ ತಲೆಗೆ ಹೋಗಿಲ್ಲ."

ನಕ್ಷೆಯ ಮೇಲೆ ಬಂಡಿ ಒಂದು ಬಿಳಿ ಚುಕ್ಕೆಯಾಗಿ ಹಸಿರಿನೊಳಗೆ ಇಳಿಯಿತು. ಮಿತೆಕ್‌ಗೆ ಮನೆಯ ನೆನಪಾಯಿತು. ಹಾಗೆ ನೆನಪಾದಾಗೆಲ್ಲ ಅವಳು ಕದ್ದು ಮಾಡುತ್ತಿದ್ದ ಕೆಲಸ ಒಂದಿತ್ತು. ಬೆಳಗಿನ ಧ್ವನಿಮುದ್ರಣ ತೆರೆದು ಅಜ್ಜಿಯ ಹರಟೆ ಕೇಳುವುದು. ಈ ವಾರ ಕೆಲಸ ಮೈಮೇಲಿದ್ದು ಕೇಳಿರಲಿಲ್ಲ. ತೆರೆದಳು.

ನಲವತ್ತು ನಿಮಿಷದ ಮುದ್ರಣ. ಪರದೆಯ ಮೇಲೆ ದನಿಯ ಗೆರೆ ನೂಲಿನಂತೆ ನೆಟ್ಟಗೆ ಮಲಗಿತ್ತು. ಯಂತ್ರ ಕೆಟ್ಟಿತೇ ಎಂದು ದನಿ ಹೆಚ್ಚಿಸಿದಳು. ಒಲೆ ಉರಿಯುವ ಸದ್ದು, ತೊಗಲಿನೊಳಗೆ ಸೂಜಿ ತೂರುವ ಸದ್ದು, ಮುದಿ ಮೂಗಿನ ಉಸಿರು. ಮಾತಿಲ್ಲ. ಹಿಂದಿನ ದಿನದ್ದು ತೆರೆದಳು. ಅದೂ ಹಾಗೆಯೇ. ಅದರ ಹಿಂದಿನದೂ.

ಅವಳ ಕಣ್ಣು ನಕ್ಷೆಗೆ ಹೋಯಿತು. ಮೂರು ದಿನದಿಂದ ಊರಿನ ಒಂದೇ ಒಂದು ಬಂಡಿಯೂ ಗಡ್ಡೆಗೆ ಇಳಿದಿರಲಿಲ್ಲ.

"ಮಿತೆಕ್? ಏನಾಯ್ತು? ಮುಖ ಯಾಕೆ ಹಾಗಾಯ್ತು?"

ಅವಳು ರೇಡಿಯೊ ಕೈಗೆತ್ತಿಕೊಂಡಳು. ಗುಂಡಿ ಒತ್ತಿದಳು. ಆ ಕಡೆ ನಾಯಿಗಳ ಏದುಸಿರು, ಬಂಡಿಯ ಅಡಿಪಟ್ಟಿಯ ಸರಸರ. ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಗಡ್ಡೆಯ ಮೇಲೆ ಮನುಷ್ಯ ಇರುವಾಗ ಗಡ್ಡೆಯ ಹುಳುಕನ್ನು ಬಾಯಲ್ಲಿ ಆಡುವುದು, ಅದೂ ಅದರ ಹೊಟ್ಟೆಯೊಳಗೆ ಹಗ್ಗ ಬಿಟ್ಟು ಕೂತಿರುವಾಗ! ಇಪ್ಪತ್ತೇಳು ವರ್ಷದಲ್ಲಿ ಅವಳ ಮನೆಯಲ್ಲಿ ಯಾರ ಬಾಯಲ್ಲೂ ಅವಳು ಕೇಳದ ಮಾತು ಅದು.

ತನ್ನ ಜನ ಮಾಡುವುದನ್ನೇ ಅವಳೂ ಮಾಡಿದಳು. ಗುಂಡಿ ಒತ್ತಿ ಹಿಡಿದು ಸುಮ್ಮನಿದ್ದಳು.

"ಅಪ್ಪಾ?" ಎಂದ ಕುನುಕ್. "ಕೇಳಿಸ್ತಿದೆಯಾ?"

ಸುಮ್ಮನಿದ್ದಳು. ತಿಳಿದುಕೋ, ಮಗನೆ. ನಾನು ಸುಮ್ಮನಿದ್ದೀನಿ ನೋಡು. ತಿಳಿದುಕೋ.

"ಅಪ್ಪಾ... ಥೂ, ಈ ಡಬ್ಬ ಮತ್ತೆ ಕೆಟ್ಟೋಯ್ತು," ಎಂದು ಅವನು ಅತಿಥಿಗಳಿಗೆ ಹೇಳಿದ್ದು ಕೇಳಿಸಿತು. ಒಬ್ಬಾಕೆ ನಕ್ಕಳು. ನಾಯಿಗಳಿಗೆ ಅವನು ಸಿಳ್ಳೆ ಹಾಕಿದ. ಬಿಳಿ ಚುಕ್ಕೆ ಇನ್ನೂ ಬೇಗ ಓಡಿತು.

ಒಲೆಯ ಪಕ್ಕ ಕೂತ ಮೌನಕ್ಕೆ ಮುಖವಿರುತ್ತದೆ, ಬೆನ್ನಿರುತ್ತದೆ, ಸೂಜಿಯಿರುತ್ತದೆ. ರೇಡಿಯೊದೊಳಗಿನ ಮೌನಕ್ಕೆ ಏನೂ ಇರುವುದಿಲ್ಲ. ಮಿತೆಕ್‌ಗೆ ಇದು ಹೊಳೆಯುವಷ್ಟರಲ್ಲಿ ಎಷ್ಟು ಹೊತ್ತು ಹೋಗಿತ್ತೆಂದು ಆಮೇಲೆ ಮಿಕ್ಕಾಲ್ ಮುದ್ರಣದಲ್ಲಿ ನೋಡಿದ. ನಾಲ್ಕು ನಿಮಿಷ. ನಾಯಿಗಳಿಗೆ ಅದು ಒಂದು ಮೈಲಿ.

"ಕುನುಕ್!" ಎಂದು ಕಿರುಚಿದಳು. "ಗಡ್ಡೆ ಕೆಟ್ಟಿದೆ. ಅಜ್ಜಿ ಮೂರು ದಿನದಿಂದ ಮಾತಾಡಿಲ್ಲ. ಕೆಳಗಿಂದ ಸವೆದಿದೆ. ಹಿಂದಕ್ಕೆ ತಿರುಗು. ನಿಮ್ಮಪ್ಪ ಹೇಳ್ತಿದೀನಿ, ತಿರುಗು!"

ಉತ್ತರ ಬರಲಿಲ್ಲ. ಈ ಸಲ ಡಬ್ಬ ಕೆಟ್ಟಿರಲಿಲ್ಲ. ನಾಯಿಗಳ ಓಟ ನಿಂತದ್ದು ಕೇಳಿಸಿತು. ಅವನು ಅರ್ಥ ಮಾಡಿಕೊಂಡಿದ್ದ.

ಮುಂದಿನದನ್ನು ಅತಿಥಿಗಳು ಹೇಳಿದರು. ಅವನು ಒಂದು ಮಾತೂ ಆಡಲಿಲ್ಲವಂತೆ. ಕೈಸನ್ನೆಯಲ್ಲೇ ಒಬ್ಬೊಬ್ಬರನ್ನೂ ಬಂಡಿಯಿಂದ ಇಳಿಸಿ, ಹೊಟ್ಟೆಯ ಮೇಲೆ ಮಲಗಿಸಿ, ಬಂದ ದಾರಿಯಲ್ಲೇ ಒಬ್ಬರಿಂದ ಒಬ್ಬರು ದೂರವಾಗಿ ತೆವಳುತ್ತ ಹೋಗಿ ಎಂದು ತೋರಿಸಿದನಂತೆ. ತಾನು ಹಿಂದೆ ಉಳಿದು ಚಾಕು ತೆಗೆದು ನಾಯಿಗಳ ಪಟ್ಟಿ ಕತ್ತರಿಸತೊಡಗಿದನಂತೆ. ಒಂಬತ್ತು ನಾಯಿ ಓಡಿಬಂದವು. ಸ್ವೆಟರ್ ಹೆಣೆಯುತ್ತೇನೆ ಎಂದವಳು ತಿರುಗಿ ನೋಡಿದಾಗ ಅವನು ಹತ್ತನೆಯದರ ಮೇಲೆ ಬಾಗಿದ್ದನಂತೆ. ಮತ್ತೊಮ್ಮೆ ನೋಡಿದಾಗ ಅಲ್ಲಿ ಕಪ್ಪು ನೀರಿತ್ತಂತೆ.

ನಿಯಂತ್ರಣ ಕೋಣೆಯಲ್ಲಿ ಕಂಡದ್ದು ಇಷ್ಟೇ. ಹಸಿರು ನಕ್ಷೆಯ ನಡುವೆ ಹಗ್ಗದ ಬೆಳಕು ಒಂದು ಕಡೆ ಥಟ್ಟನೆ ಕಡಿಯಿತು. ಅದಾದ ಮೇಲೆ ಯಂತ್ರ ಅಲ್ಲಿಗೆ ಕೆಂಪು ಬಳಿಯಿತು.

*

ಮಿತೆಕ್ ಊರು ತಲುಪುವಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು. ಗಾಳಿ ಕೆಟ್ಟು ವಿಮಾನ ಎರಡು ಕಡೆ ತಡೆಯಿತು. ಅವಳ ತಾಯಿ ದೂರದ ಪಟ್ಟಣದ ಆಸ್ಪತ್ರೆಯಲ್ಲಿ ದಾದಿ. ಬಂದು, ಅತ್ತು, ಮತ್ತೆ ಹೊರಟಾಗಿತ್ತು. ಕುನುಕ್ ಸಿಕ್ಕಿರಲಿಲ್ಲ. ಸಿಗುವುದೂ ಇಲ್ಲ ಎಂದು ಊರಿಗೆ ಗೊತ್ತಿತ್ತು. ಅಡಿಯ ಹೊಳೆ ಅಂಥದು.

ಅಜ್ಜಿ ಒಲೆಯ ಪಕ್ಕ ಇದ್ದಳು. ತಲೆಯೆತ್ತಿ ನೋಡಿ, "ಬಂದ್ರಾ? ಕಾಲು ಒದ್ದೆಯಾಗಿದೆ, ಬೂಟು ಬಿಚ್ರಿ," ಎಂದಳು.

ಮಿತೆಕ್ ಬೂಟು ಬಿಚ್ಚಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಸಭೆ, ಮಿಕ್ಕಾಲನ ಪ್ರಶ್ನೆ, ತನ್ನ ಕೆನ್ನೆ ಬಿಸಿಯಾದದ್ದು, ಏನೂ ಅನ್ನದಿದ್ದರೆ ಅಭ್ಯಂತರ ಇಲ್ಲ ಎಂದದ್ದು, ಆ ನಾಲ್ಕು ನಿಮಿಷ. ಯಾವುದನ್ನೂ ಬಿಡಲಿಲ್ಲ.

ಅರ್ನಾಲುಕ್ ಕೈಯಲ್ಲಿದ್ದ ಹೊಲಿಗೆಯ ತೊಗಲನ್ನು ಮಗುಚಿ ನೋಡಿದಳು.

"ಯಂತ್ರಕ್ಕೆ ತಿಳಿಯಲ್ಲ ಅಂತ ನಂಗೂ ಗೊತ್ತಿತ್ತು," ಎಂದಳು. "ಅದು ಕಬ್ಬಿಣ. ಆದ್ರೆ ಆ ಕಡೆ ನೀವಿದ್ರಲ್ಲ. ನೀವಿದೀರಿ ಅಂತ ಸುಮ್ಮನಿದ್ದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮಿತೆಕ್ ಗೋಡೆಯ ಬದಿ ಕೂತು ಬೂಟು ಬಿಚ್ಚತೊಡಗಿದಳು.

ಮರುದಿನ ಬೆಳಗ್ಗೆ ನಾಲ್ಕೂರಿನ ಹಿರಿಯರು ಪರದೆಗಳಲ್ಲಿ ಸೇರಿದರು. ಮಿಕ್ಕಾಲನ ಕಣ್ಣು ಊದಿತ್ತು. ನಿಯಮ ಬದಲಿಸಿದ್ದೇವೆ, ಇನ್ನು ಮೌನವೆಂದರೆ ಕೆಂಪು ಎಂದ. ಲುಕ್ತಾದ ಮುದುಕಪ್ಪ, ಬೈಗುಳಕ್ಕೆ ಹೆಸರಾದವನು, ಟೋಪಿ ಕೈಯಲ್ಲಿ ಹಿಡಿದು, "ಅಕ್ಕಾ, ನಮ್ಮಲ್ಲೂ ಹೇಳದೆ ಬಿಟ್ಟದ್ದು ಏನೇನಿದೆಯೋ. ನಾವು ಒಬ್ಬರನ್ನೊಬ್ಬರು ಕೇಳ್ಲೇ ಇಲ್ಲ," ಎಂದ. ಹನ್ನೊಂದು ವರ್ಷ ಮಾರ್ಗ, ಅತಿಥಿ, ಬಿಡಾರ ಹಂಚಿಕೊಂಡಿದ್ದರು. ತಮ್ಮ ತಮ್ಮ ಭಯವನ್ನು ಮಾತ್ರ ಹಂಚಿಕೊಂಡಿರಲಿಲ್ಲ.

ಹಡಗಿನ ಕಂಪನಿಯೊಂದು ಆಗಲೇ ಸರ್ಕಾರಕ್ಕೆ ಬರೆದಿದೆಯಂತೆ ಎಂದೂ ಮಿಕ್ಕಾಲ್ ತಿಳಿಸಿದ. ಈ ಋತುವಿನ ಉಳಿದ ಎರಡು ವಾರವಾದರೂ ತಸಿಲುಕ್ಕಿನ ಹಾದಿ ತೆರೆಯದಿದ್ದರೆ ಸಂಘದ ಮೇಲೆ ಯಾರಿಗೂ ನಂಬಿಕೆ ಉಳಿಯುವುದಿಲ್ಲವಂತೆ. "ಅಜ್ಜಿ, ಒತ್ತಾಯ ಇಲ್ಲ," ಎಂದ. "ನಿಮಗೆ ಆದಾಗ ಕೇಳಿ."

ಅರ್ನಾಲುಕ್ ಎದ್ದು ಹೆಡ್‌ಫೋನ್ ಹಾಕಿಕೊಂಡಳು. ಯಂತ್ರ ಎಂದಿನ ದನಿಯಲ್ಲಿ ಕೇಳಿತು: "ಅಭ್ಯಂತರವಿದೆಯೆ?"

ಒಲೆ ಚಟಪಟ ಅಂದಿತು. ಹೊರಗೆ ಉಳಿದ ಒಂಬತ್ತು ನಾಯಿಗಳಲ್ಲಿ ಒಂದು ಊಳಿಟ್ಟು ನಿಲ್ಲಿಸಿತು.

"ಇದೆ," ಎಂದಳು ಅರ್ನಾಲುಕ್.

ಗಟ್ಟಿಯಾಗಿಯೇ ಹೇಳಿದಳು. ಗಡ್ಡೆಗೆ ಕೇಳಲೆಂದೇ ಹೇಳಿದಂತಿತ್ತು.

"ಅಜ್ಜೀ, ಬೇಡ..." ಎಂದು ಮಿತೆಕ್ ಅವಳ ಕೈ ಹಿಡಿದಳು.

"ಯಾಕ್ರೀ ಬೇಡ? ಬಾಯಿ ಮುಚ್ಕೊಂಡು ಅರವತ್ತು ವರ್ಷ ಕಾದೆ. ಆದ್ರೂ ತಗೊಂಡು ಹೋಯ್ತು. ಇನ್ನೇನು ಕಿತ್ಕೊಳ್ಳುತ್ತೆ ನನ್ನಿಂದ?" ಕೈ ಬಿಡಿಸಿಕೊಂಡು ಅವಳು ಯಂತ್ರದ ಕಡೆ ಬಾಗಿದಳು. "ಬರ್ಕೋ ಕಬ್ಬಿಣವೇ. ಹಕ್ಕಿಬಂಡೆಯ ಕೆಳಗೆ ಗಡ್ಡೆ ತೆಳ್ಳಗಿದೆ, ಅಡಿಯಲ್ಲಿ ನೀರು ಓಡ್ತಿದೆ. ನನ್ನ ಮದುವೆ ಆದ ವರ್ಷದಿಂದ ಅದು ಸುಳ್ಳು ಗಡ್ಡೆ. ಹಳೇ ಬಿಡಾರದ ಎದುರಿಗೆ ಟೊಳ್ಳು. ಹೊಳೆ ಕೂಡೋ ಮೂಲೆ ಟೊಳ್ಳು, ಹೋದ ವರ್ಷಕ್ಕಿಂತ ಎರಡು ಪಾಲು ಅಗಲ ಆಗಿದೆ..."

ನಿಲ್ಲಿಸಲಿಲ್ಲ. ತಾಯಿಯಿಂದ ಬಂದದ್ದು, ಅವಳ ತಾಯಿಯಿಂದ ಬಂದದ್ದು, ಯಾರ ಬಾಯಿಂದಲೂ ಎಂದೂ ಹೊರಬೀಳದೆ ಬರೀ ಮೌನದಲ್ಲೇ ದಾಟಿ ಬಂದದ್ದು, ಎಲ್ಲವನ್ನೂ ಒಂದೊಂದಾಗಿ, ಜಾಗದ ಹೆಸರು ಹಿಡಿದು ಸುರಿದಳು. ಮೂರೂರಿನ ಹಿರಿಯರು ತಲೆ ತಗ್ಗಿಸಿ ಕೇಳಿದರು. ಅವಳ ಒಂದೊಂದು ಮಾತಿಗೂ ಪರದೆಯ ಮೇಲಿನ ನಕ್ಷೆಯಲ್ಲಿ ಒಂದೊಂದು ತುಂಡು ಕೆಂಪಾಗುತ್ತ ಹೋಯಿತು. ದಡ ಕೆಂಪಾಯಿತು, ನಡು ಕೆಂಪಾಯಿತು. ಬಂಡಿ ಓಡಿಸಲು ಒಂದು ದಾರಿಯೂ ಉಳಿಯಲಿಲ್ಲ. ಈ ವರ್ಷವಲ್ಲ, ಮುಂದೆ ಯಾವ ವರ್ಷವೂ ಉಳಿಯುವಂತಿರಲಿಲ್ಲ. ಮಿಕ್ಕಾಲ್ ಕೀಲಿಮಣೆಯ ಮೇಲೆ ಕೈ ಇಟ್ಟುಕೊಂಡು, ಒತ್ತದೆ, ನೋಡುತ್ತ ಕೂತಿದ್ದ.

ಕೊನೆಗೆ ಕುನುಕ್ ಮುಳುಗಿದ, ಹಗ್ಗ ಕಡಿದ ಜಾಗದ ಸರದಿ ಬಂತು. ಅಲ್ಲಿಯದು ಯಂತ್ರಕ್ಕೆ ಕೇಳಿಸುವುದಿಲ್ಲ. ಅಜ್ಜಿ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅಲ್ಲಿಗೆ ನಾನೇ ದಿನಾ ತೆವಳಿಕೊಂಡು ಹೋಗಿ ಬರ್ತಿದೀನಿ," ಎಂದಳು. ದನಿ ಮೊದಲ ಸಲ ಮೆತ್ತಗಾಗಿತ್ತು. "ಒಡೆದ ಚಪ್ಪಡಿಗಳು ಒಂದರ ಮೇಲೊಂದು ಕೂತು ಬೆಸೆದುಕೊಂಡಿವೆ. ಆಳುದ್ದ ದಪ್ಪ. ಕೋಲಲ್ಲಿ ಕುಟ್ಟಿದೆ, ಅಲುಗಲ್ಲ. ಅಲ್ಲಿ ಗಡ್ಡೆ ಚೆನ್ನಾಗಿದೆ."

ಯಂತ್ರ ಒಂದು ಕ್ಷಣ ತಡೆಯಿತು. ಆಮೇಲೆ ರಕ್ತದಂತೆ ಹರಡಿದ ಇಡೀ ಕೊಲ್ಲಿಯ ನಡುವೆ, ಅಷ್ಟೇ ಅಷ್ಟು ಜಾಗವನ್ನು ಹಸಿರು ಮಾಡಿತು.